ಆಸ್ಟ್ರೇಲಿಯಾದವರಿಗೆ ದೇವರೆಂದರೆ ಆಗದೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಇಲ್ಲಿ ಚರ್ಚಿಗೆ ಹೋಗುವವರೇ ಕಾಣುವುದಿಲ್ಲ, ಆದರೆ ಬೆಳಗಿನ ಜಾವ ಟಿವಿ ಹಾಕಿದರೆ ಪಾಸ್ಟರ್‌ಗಳ ಪ್ರವಚನ. ಈ ಜನ ದೇವರನ್ನು ನಂಬುತ್ತಾರೋ ಇಲ್ಲವೋ?” ಸಿಡ್ನಿ, ಮೆಲ್ಬರ್ನ್‌ಗೆ ಹೊಸದಾಗಿ ಬಂದ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಾನು ಹೇಳುವುದಿಷ್ಟೇ: ದೇವರ ಮೇಲೆ ಅವರಿಗೆ ಸಿಟ್ಟಿಲ್ಲ. ಕೇಳದೆ ಬಂದು ಉಪದೇಶ ಮಾಡುವವರನ್ನು, ಅದರಲ್ಲೂ ಕೊನೆಗೆ ದುಡ್ಡು ಕೇಳುವವರನ್ನು ಕಂಡರೆ ಆಗುವುದಿಲ್ಲ.

ಟಿವಿಯಲ್ಲಿ ಬರುತ್ತದೆ ಎಂದ ಮಾತ್ರಕ್ಕೆ ಜನ ನೋಡುತ್ತಾರೆ ಎಂದುಕೊಳ್ಳಬೇಡಿ. ಆ ಹೊತ್ತಿಗೆ ಎದ್ದಿರುವವರು ಕಡಿಮೆ, ಜಾಹೀರಾತಿಗೆ ಬೆಲೆ ಸಿಗುವುದಿಲ್ಲ. ಹಾಗಾಗಿ ಖಾಸಗಿ ಚಾನೆಲ್‌ಗಳು ಆ ಸಮಯವನ್ನೇ ಮಾರುತ್ತವೆ. ವ್ಯಾಯಾಮದ ಯಂತ್ರ ಮಾರುವವರೂ ಕೊಳ್ಳುತ್ತಾರೆ, ಧರ್ಮಪ್ರಚಾರಕರೂ ಕೊಳ್ಳುತ್ತಾರೆ. ಎಷ್ಟೋ ಕಾರ್ಯಕ್ರಮಗಳು ಅಮೆರಿಕದಲ್ಲಿ ತಯಾರಾದವು. ಕೊನೆಯಲ್ಲಿ ಆಸ್ಟ್ರೇಲಿಯಾದ ಫೋನ್ ನಂಬರ್ ಅಂಟಿಸಿರುತ್ತಾರೆ. ಕಾಯಿಲೆಯಿಂದ ಮನೆ ಬಿಟ್ಟು ಹೊರಡಲಾಗದ ಕ್ಯಾಥೊಲಿಕರಿಗೆಂದು 1971ರಲ್ಲಿ ಶುರುವಾದ ಭಾನುವಾರದ ಪೂಜೆಯ ಪ್ರಸಾರವನ್ನು ಮಾತ್ರ ಇವುಗಳ ಜೊತೆ ಸೇರಿಸಬಾರದು. ಅದು ಸೇವೆ, ವ್ಯಾಪಾರವಲ್ಲ.

ಪ್ರಚಾರಕರಿಗೆ ಇಲ್ಲಿ ಎಂದೂ ಕಿವಿಗೊಟ್ಟಿಲ್ಲ ಎನ್ನುವುದೂ ತಪ್ಪು. 1959ರಲ್ಲಿ ಅಮೆರಿಕದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಮಾತು ಕೇಳಲು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1.3 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಆ ವಿಶ್ವಾಸ ಮೆಲ್ಲಗೆ ಕರಗಿತು. 2013ರಿಂದ 2017ರವರೆಗೆ ನಡೆದ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ಉನ್ನತ ತನಿಖಾ ಆಯೋಗ, ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯವನ್ನು ಬಯಲಿಗೆಳೆದಾಗ ಚರ್ಚುಗಳ ನೈತಿಕ ಅಧಿಕಾರಕ್ಕೇ ಪೆಟ್ಟು ಬಿತ್ತು. ಆ ನೋವು ಗೊತ್ತಿಲ್ಲದೆ ಇಲ್ಲಿನವರ ಮೌನ ಅರ್ಥವಾಗದು. ಸಿಡ್ನಿಯಲ್ಲಿ ಹುಟ್ಟಿದ, ಹಾಡು-ಆವೇಶದ ಆರಾಧನೆಯ ಪೆಂಟೆಕೋಸ್ಟಲ್ ಪಂಥದ ಹಿಲ್‌ಸಾಂಗ್ ಚರ್ಚಿನ ಹಾಡುಗಳು ಲೋಕವೆಲ್ಲ ಸುತ್ತಿವೆ, ಆದರೆ ಜನಗಣತಿಯಲ್ಲಿ ಪೆಂಟೆಕೋಸ್ಟಲ್ ಎಂದು ಬರೆಸಿದವರು ಶೇ. 1ರ ಆಸುಪಾಸು. 2019ರಲ್ಲಿ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ತಮ್ಮ ಪೆಂಟೆಕೋಸ್ಟಲ್ ಚರ್ಚಿನೊಳಗೆ ಕ್ಯಾಮೆರಾಗಳನ್ನು ಬಿಟ್ಟುಕೊಂಡರು. ಕೈ ಮೇಲೆತ್ತಿ ಹಾಡುತ್ತಿದ್ದ ಆ ಚಿತ್ರ ಕಂಡು ಕಸಿವಿಸಿಗೊಂಡವರಿಗೆ ಅಡ್ಡಿಯಾದದ್ದು ಪ್ರಾರ್ಥನೆಯಲ್ಲ, ಅದರ ಪ್ರದರ್ಶನ ಎಂದು ನನ್ನ ಅನಿಸಿಕೆ.

ಇನ್ನು ಜನಗಣತಿಯ ಅಂಕಿಗಳು. 2016ರಲ್ಲಿ ಶೇ. 52ರಷ್ಟಿದ್ದ ಕ್ರೈಸ್ತರು 2021ಕ್ಕೆ ಶೇ. 43.9ಕ್ಕೆ ಇಳಿದರು, ‘ಧರ್ಮವಿಲ್ಲ’ ಎಂದವರು ಶೇ. 30ರಿಂದ 38.9ಕ್ಕೆ ಏರಿದರು. ಓದುವಾಗ ಎಚ್ಚರ ಬೇಕು: ಧರ್ಮದ ಪ್ರಶ್ನೆಗೆ ಉತ್ತರಿಸುವುದು ಐಚ್ಛಿಕ, ಮತ್ತು 2016ರಿಂದ ‘ಧರ್ಮವಿಲ್ಲ’ ಎಂಬುದು ಆಯ್ಕೆಗಳ ಸಾಲಿನಲ್ಲಿ ಮೊದಲು ಬರುತ್ತದೆ. ಅದಕ್ಕೆ ಗುರುತು ಹಾಕಿದವರೆಲ್ಲ ನಾಸ್ತಿಕರಲ್ಲ, ಕ್ಯಾಥೊಲಿಕ್ ಎಂದು ಬರೆಸಿದವರೆಲ್ಲ ಭಾನುವಾರ ಚರ್ಚಿಗೆ ಹೋಗುವವರೂ ಅಲ್ಲ.

ಸರ್ಕಾರಕ್ಕೂ ಧರ್ಮಕ್ಕೂ ನಂಟೇ ಇಲ್ಲವೆಂದೂ ತಿಳಿಯಬೇಡಿ. ಸಂವಿಧಾನದ 116ನೇ ಕಲಂ ರಾಷ್ಟ್ರಧರ್ಮ ಸ್ಥಾಪಿಸುವುದನ್ನು ತಡೆಯುತ್ತದೆ, ಆದರೂ ಸಂಸತ್ತಿನ ಕಲಾಪದ ಆರಂಭದಲ್ಲಿ ಕ್ರೈಸ್ತ ಪ್ರಾರ್ಥನೆ ಓದುತ್ತಾರೆ. ಚರ್ಚ್ ಶಾಲೆಗಳಿಗೆ ಸರ್ಕಾರ ಹಣ ಕೊಡುವುದು ಈ ಕಲಮಿಗೆ ವಿರುದ್ಧವಲ್ಲ ಎಂದು ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 1981ರಲ್ಲೇ ತೀರ್ಪಿತ್ತಿದೆ. ಇಂದು ಸುಮಾರು ಐದರಲ್ಲೊಂದು ಮಗು ಕ್ಯಾಥೊಲಿಕ್ ಶಾಲೆಯಲ್ಲಿದೆ. ಬೇರೆ ಧರ್ಮದ ಮಕ್ಕಳನ್ನೂ ಅವು ಸೇರಿಸಿಕೊಳ್ಳುತ್ತವೆ. ಮಗುವನ್ನು ಅಲ್ಲಿಗೆ ಹಾಕುವ ಯೋಚನೆಯಿದ್ದರೆ ಫೀಸಿನ ಜೊತೆಗೆ ಧರ್ಮದ ಪಾಠ, ಪ್ರಾರ್ಥನೆಗಳ ಬಗ್ಗೆಯೂ ಮೊದಲೇ ಕೇಳಿ: ಸಾಮಾನ್ಯವಾಗಿ ಆ ತರಗತಿ ಎಲ್ಲ ಮಕ್ಕಳಿಗೂ ಕಡ್ಡಾಯ.