ಮಲಾವಿ ಕೈಪಂಪು ರಿಪೇರಿ: ಮೇ ತಿಂಗಳಿಂದ ಮಳೆಗಾಲದವರೆಗೆ

ಹೊಸ ಬೋರ್ ಕೊರೆಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಆಫ್ರಿಕಾದ ಮಲಾವಿಯಲ್ಲಿ, ಬ್ಲಾಂಟೈರ್ ನಗರದ ಪಕ್ಕದ ಚಿರಾಡ್ಜುಲು ಜಿಲ್ಲೆಯಲ್ಲಿ ನಾವು ಓಡಾಡುವ ಹಳ್ಳಿಗಳಲ್ಲಿ ಬೋರೂ ಇದೆ, ಅದರೊಳಗೆ ನೀರೂ ಇದೆ. ಕೆಟ್ಟು ನಿಂತಿರುವುದು ಪಂಪು. ಪಂಪು ನಿಂತ ದಿನ ಜನ ಬಿಂದಿಗೆ, ಬಕೆಟ್ ಹಿಡಿದು ಹಳ್ಳಕ್ಕೆ ಇಳಿಯುತ್ತಾರೆ. 2022ರ ಮಾರ್ಚ್‌ನಲ್ಲಿ ಶುರುವಾದ ಕಾಲರಾ ಈ ದೇಶದಲ್ಲಿ 1,700ಕ್ಕೂ ಜಾಸ್ತಿ ಜನರನ್ನು ಬಲಿ ತೆಗೆದುಕೊಂಡಿತು. ಹಳ್ಳದ ನೀರು ಬೇಡ ಅಂತ ಇಲ್ಲಿ ಯಾರಿಗೂ ಪಾಠ ಮಾಡಬೇಕಾಗಿಲ್ಲ.

ಮೇ

ಇಲ್ಲಿರುವುದು ಆಫ್ರಿಡೆವ್ ಪಂಪು. 1980ರ ದಶಕದಲ್ಲಿ ಇಲ್ಲಿನ ಮಾಲ್‌ಡೆವ್ ಪಂಪಿನಿಂದಲೇ ಬೆಳೆದು ಬಂದದ್ದು. ನಮ್ಮೂರ ಬೋರಿಂಗ್, ಅಂದ್ರೆ ಇಂಡಿಯಾ ಮಾರ್ಕ್ 2 ಬಿಚ್ಚುವುದನ್ನು ನೋಡಿದವರಿಗೆ ಇದು ತುಂಬಾ ಸಲೀಸು ಅನ್ನಿಸುತ್ತದೆ. ಅಲ್ಲಿ ಒಂದು ವಾಷರ್ ಹಾಕಬೇಕಾದರೂ ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಇಲ್ಲಿ ಪಿವಿಸಿ ಪೈಪು ತನ್ನ ಪಾಡಿಗೆ ಬೋರಿನಲ್ಲೇ ಇರುತ್ತದೆ. ಒಂದೇ ಸ್ಪ್ಯಾನರ್‌ನಲ್ಲಿ ಪಂಪಿನ ತಲೆ ಬಿಚ್ಚಿ ರಾಡ್‌ಗಳನ್ನು ಎಳೆದರೆ ನೀರನ್ನು ಮೇಲೆತ್ತುವ ಪ್ಲಂಜರ್ ಜೊತೆಗೇ ಬರುತ್ತದೆ. ನೀರು ವಾಪಸ್ ಇಳಿಯದಂತೆ ತಡೆಯುವ ತಳದ ಫುಟ್‌ವಾಲ್ವ್‌ಗೆ ಮಾತ್ರ ರಾಡಿನ ತುದಿಗೆ ಗಾಳದಂಥ ಕೊಂಡಿ ಹಾಕಿ ಇಳಿಬಿಡಬೇಕು. ಊರಿನ ಹೆಂಗಸರೇ ಎಳೆದು ಹಾಕಿದರು, ನಾವು ಸುಮ್ನೆ ರಾಡ್ ಜೋಡಿಸಿಟ್ಟೆವು.

ಮೇಲೆ ಬಂದ ಪ್ಲಂಜರ್ ನೋಡಿದರೆ ರಬ್ಬರಿನ ಯು-ಸೀಲ್ ಅಂಚು ಒಂದು ಕಡೆ ಪೂರ್ತಿ ಸವೆದಿತ್ತು. ಬೆರಳಿಗೆ ಮರಳು ಹತ್ತಿತು. ಹಿಡಿಕೆ ತಿರುಗುವ ಜಾಗದ ನೈಲಾನ್ ಬುಷ್ ಮೊಟ್ಟೆ ಆಕಾರಕ್ಕೆ ತಿರುಗಿತ್ತು, ಅದಕ್ಕೇ ಹಿಡಿಕೆ ಅಷ್ಟು ಅಲ್ಲಾಡುತ್ತಿದ್ದದ್ದು. ಸರ್ಕಾರದ ಲೆಕ್ಕದಲ್ಲಿ ಒಂದು ಪಂಪಿಗೆ 250 ಜನ. ಇಲ್ಲಿಗೆ ಪಕ್ಕದೂರಿನವರೂ ಬರುತ್ತಾರೆ, ಸವೆಯದೆ ಇನ್ನೇನು?

ಹೊಸ ಸೀಲ್, ಬುಷ್ ಹಾಕಿ ಸೋರಿಕೆ ನೋಡಿದೆವು. ನೀರು ಬರುವವರೆಗೆ ಹೊಡೆದು ಅರ್ಧ ಗಂಟೆ ಬಿಡಬೇಕು. ಆಮೇಲೆ ಐದು ಸಲ ಹೊಡೆಯುವುದರೊಳಗೆ ನೀರು ಬರಬೇಕು. ಬರದಿದ್ದರೆ ಫುಟ್‌ವಾಲ್ವ್ ಅಥವಾ ಪೈಪು ಸೋರುತ್ತಿದೆ ಅಂತ ಅರ್ಥ. ಎರಡನೇ ಹೊಡೆತಕ್ಕೇ ಬಂತು!

ಆಗಸ್ಟ್

ನೀರಿನ ಪರೀಕ್ಷೆಗೆ ಎಚ್‌2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಬಳಸಿದೆವು. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ಪ್ರಕಟಿಸಿದ ವಿಧಾನ ಇದು. ಲ್ಯಾಬ್ ಬೇಡ, ಕರೆಂಟ್ ಬೇಡ. ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಕಪ್ಪಾದರೆ ಮಲದ ಸೋಂಕಿನ ಅನುಮಾನ.

ಪಂಪಿನ ಬಾಯಿಂದ ಹಿಡಿದ ನೀರು ಬಣ್ಣ ಬದಲಿಸಲಿಲ್ಲ. ಅದೇ ನೀರನ್ನು ಮನೆಯ ಬಕೆಟ್‌ನಿಂದ ತೆಗೆದುಕೊಂಡ ಬಾಟಲಿಗಳಲ್ಲಿ ಕೆಲವು ಮಸಿಯಂತೆ ಕಪ್ಪಾದವು. ಮುಚ್ಚಳ ಇಲ್ಲದ ಬಕೆಟ್, ಅದರೊಳಗೆ ಎಲ್ಲರ ಕೈ ಮುಳುಗುವ ಒಂದೇ ಲೋಟ. ಪಂಪು ರಿಪೇರಿ ಆದ ಕೂಡಲೇ ಫೋಟೊ ಹಿಡಿದು ವಾಪಸ್ ಹೋಗುವವರಿಗೆ ಈ ಬಾಟಲಿಗಳನ್ನು ತೋರಿಸಬೇಕು ಅಂತ ನನಗೆ ಆಸೆ. ಈಗ ಬಕೆಟ್‌ಗೆ ಮುಚ್ಚಳ, ತಳಕ್ಕೆ ನಲ್ಲಿ ಹಾಕಿಸುತ್ತಿದ್ದೇವೆ. ಅಂಗಡಿಯಲ್ಲಿ ವಾಟರ್‌ಗಾರ್ಡ್ ಕ್ಲೋರಿನ್ ಸಿಗುತ್ತದೆ, ಆದರೆ ವಾಸನೆ ಅಂತ ಜನ ಮೂಗು ಮುರಿಯುತ್ತಾರೆ.

ಅಕ್ಟೋಬರ್

ಜಾಸ್ತಿ ಹೊತ್ತು ಹಿಡಿದದ್ದು ದುಡ್ಡಿನ ಮಾತು. ಪಂಪಿನ ಸಮಿತಿ ತಿಂಗಳಿಗಿಷ್ಟು ಅಂತ ಎತ್ತುತ್ತಿತ್ತು. ಜನವರಿ, ಫೆಬ್ರವರಿಯಲ್ಲಿ ಮನೆಯಲ್ಲಿ ಮುಸುಕಿನ ಜೋಳದ ಹಿಟ್ಟೇ ಇರುವುದಿಲ್ಲ, ಪಂಪಿಗೆ ದುಡ್ಡು ಎಲ್ಲಿಂದ? ಹಾಗಾಗಿ ಏಪ್ರಿಲ್, ಮೇನಲ್ಲಿ ಮುಸುಕಿನ ಜೋಳದ ಕೊಯ್ಲು ಆದಾಗ ವರ್ಷದ್ದೆಲ್ಲ ಒಟ್ಟಿಗೆ ಎತ್ತುವುದು ಅಂತಾಯಿತು. ಇದನ್ನು ಹೇಳಿದ್ದು ಸಮಿತಿಯ ಖಜಾಂಚಿ ಹೆಂಗಸು. ಎತ್ತಿದ ದುಡ್ಡನ್ನು ಹಾಗೇ ಇಡಬಾರದು ಅಂದದ್ದೂ ಆಕೆಯೇ. 2023ರ ನವೆಂಬರ್‌ನಲ್ಲಿ ಇಲ್ಲಿನ ಹಣ ಕ್ವಾಚಾದ ಬೆಲೆ ಇಳಿಸಿದರು, ಡಾಲರ್ ಶೇ 44ರಷ್ಟು ದುಬಾರಿಯಾಯಿತು. ಬಿಡಿಭಾಗ ಬರುವುದು ಹೊರದೇಶದಿಂದ. ಡಬ್ಬಿಯಲ್ಲಿದ್ದ ನೋಟು ಅಷ್ಟೇ ಇತ್ತು, ಅದಕ್ಕೆ ಸಿಗುವ ಸೀಲ್ ಕಡಿಮೆಯಾಯಿತು. ಇನ್ನು ಮುಂದೆ ದುಡ್ಡು ಕೈಗೆ ಬಂದ ವಾರವೇ ಸೀಲ್, ಓ-ರಿಂಗ್, ಬುಷ್ ಕೊಂಡು ಆಕೆಯ ಮನೆಯ ಪೆಟ್ಟಿಗೆಯಲ್ಲಿ ಇಡುತ್ತಾರೆ.

ನವೆಂಬರ್‌ಗೆ ಮಳೆ ಶುರು. ಅಷ್ಟರಲ್ಲಿ ಕಟ್ಟೆಯ ಬಿರುಕಿಗೆ ಸಿಮೆಂಟು, ಚರಂಡಿಗೆ ಇಳಿಜಾರು ಆಗಬೇಕು. ಒಂದು ಮಳೆ ಜೋರಾಗಿ ಸುರಿದ ಮೇಲೆ ಮತ್ತೆ ಬಾಟಲಿ ತುಂಬಿಸುತ್ತೇವೆ.