ಟೈಲ್ಸ್‌ಗೆ ಮುಂಚೆ ನೆಲದ ಮೇಲೆ ನೀರು ನಿಲ್ಲಿಸಿ: ಮಡಿಕೇರಿಯ ಒಂದು ಬಾತ್‌ರೂಮ್ ಕೆಲಸ

ಮಾಲೀಕರು ಇರುವುದು ಬೆಂಗಳೂರಿನಲ್ಲಿ, ಮನೆ ಇರುವುದು ಮಡಿಕೇರಿಯಲ್ಲಿ. ಮೇಲಂತಸ್ತಿನ ಬಾತ್‌ರೂಮ್, 6 ಅಡಿಗೆ 8 ಅಡಿ, ಸರಿಯಾಗಿ ಅದರ ಕೆಳಗೆ ಊಟದ ಕೋಣೆ. ಆ ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಲು ಬೆಂಗಳೂರಿನ ಕಾಂಟ್ರಾಕ್ಟರ್ ಒಬ್ಬರಿಂದ ತರಿಸಿಕೊಂಡ ಕೊಟೇಶನ್ ಅನ್ನು ಇಲ್ಲೇ ಈ ಕೆಲಸ ಮಾಡಿಸುವ ನಮಗೆ ಕಳಿಸಿ, ‘ಇದೇ ರೇಟಿಗೆ ನೀವು ಮಾಡ್ತೀರಾ?’ ಎಂದು ಕೇಳಿದರು. ಅದರಲ್ಲಿದ್ದದ್ದು ಐದೇ ಸಾಲು: ಡೆಮಾಲಿಶನ್, ಪ್ಲಂಬಿಂಗ್, ವಾಟರ್‌ಪ್ರೂಫಿಂಗ್, ಟೈಲ್ಸ್, ಫಿಟ್ಟಿಂಗ್ಸ್. ಕೆಳಗೆ ಒಂದು ಲಂಪ್‌ಸಮ್ ಮೊತ್ತ.

ಬೆಂಗಳೂರಿನ ಫ್ಲ್ಯಾಟ್ ಆದರೂ ಈ ಐದು ಸಾಲು ಸಾಲದು. ಅಲ್ಲಿ ಸಾಮಾನ್ಯವಾಗಿ ಸ್ಲ್ಯಾಬನ್ನೇ 8ರಿಂದ 12 ಇಂಚು ಇಳಿಸಿ ಸಂಕನ್ ಬಿಟ್ಟಿರುತ್ತಾರೆ, ಪೈಪೆಲ್ಲ ಅದರೊಳಗೇ ಓಡುತ್ತದೆ. ಟೈಲ್ಸ್ ಮಾತ್ರ ಬದಲಾಯಿಸುವುದೋ, ಸಂಕನ್ ಪೂರ್ತಿ ಬಗೆದು ಫಿಲ್ಲಿಂಗ್ ಹೊರಗೆ ಹಾಕುವುದೋ ಎಂಬುದರ ಮೇಲೆ ಕೆಲಸದ ಗಾತ್ರವೇ ಬದಲಾಗುತ್ತದೆ. ಡೆಬ್ರಿಸ್ ಲಿಫ್ಟಿನಲ್ಲಿ ಇಳಿಸಲು ಅಸೋಸಿಯೇಶನ್ ಬಿಡುತ್ತದೆಯೇ, ಒಡೆಯುವ ಸದ್ದಿಗೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅವಕಾಶ, ಡೆಪಾಸಿಟ್ ಯಾರು ಕಟ್ಟಬೇಕು, ಕೆಳಗಿನ ಫ್ಲ್ಯಾಟಿನ ಸೀಲಿಂಗಿಗೆ ಏನಾದರೂ ಆದರೆ ಹೊಣೆ ಯಾರದು, ಇವೆಲ್ಲ ಬರವಣಿಗೆಯಲ್ಲಿ ಇರಬೇಕು.

ನಮ್ಮ ಕಡೆಯ ಹಳೆ ಮನೆಗಳಲ್ಲಿ ಸಂಕನ್ ಇರುವುದಿಲ್ಲ. ಟ್ರ್ಯಾಪ್ (ನೆಲದ ನೀರು ಇಳಿದುಹೋಗುವ ಬಾಯಿಯ ಕೆಳಗಿನ ಬಾಗು) ಸ್ಲ್ಯಾಬಿನ ಕೆಳಗೆ ನೇತಾಡುತ್ತದೆ, ಇಲ್ಲವೇ ಬಾತ್‌ರೂಮಿನ ನೆಲವನ್ನೇ ಎತ್ತರಿಸಬೇಕಾಗುತ್ತದೆ. ಗೋಡೆ ಎಷ್ಟೋ ಕಡೆ ಮುರಕಲ್ಲಿನದು, ಒಳಗಿನ ಗಾರೆ ಮಣ್ಣಿನದು. ಇಂಥ ಗೋಡೆಗೆ ಕನ್ಸೀಲ್ಡ್ ಸಿಸ್ಟರ್ನ್ (ಗೋಡೆಯೊಳಗೆ ಅಡಗುವ ಫ್ಲಶ್ ಟ್ಯಾಂಕ್), ವಾಲ್ ಹಂಗ್ ಕಮೋಡ್ (ನೆಲಕ್ಕೆ ತಾಗದೆ ಗೋಡೆಯಲ್ಲಿ ನಿಲ್ಲುವುದು) ಬೇಕೆಂದರೆ ಅವನ್ನು ಹೊರುವ ಫ್ರೇಮಿನ ಕಾಲು ಕಾಂಕ್ರೀಟ್ ನೆಲಕ್ಕೇ ಬೋಲ್ಟ್ ಆಗಬೇಕು. ಗೋಡೆಯನ್ನು ನಂಬಿ ಆಂಕರ್ ಹೊಡೆದರೆ ಕಲ್ಲು ಪುಡಿಯಾಗಿ ಬೋಲ್ಟ್ ಸಡಿಲವಾಗುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಾಗಿದ್ದರೆ ಡೈವರ್ಟರ್ (ಶವರಿನ ಬಿಸಿನೀರು, ತಣ್ಣೀರು ತಿರುಗಿಸುವ ಕವಾಟ) ಹೂಳಲು ಗ್ರೂವ್ ಹೊಡೆಯುವುದೇ ಬೇಡ, ಗೋಡೆಯ ಮುಂದೆ ಒಂದು ಲೆಡ್ಜ್ (ಕಿರು ಕಟ್ಟೆ) ಕಟ್ಟಿ ಅದರಲ್ಲಿ ಕೂರಿಸಬೇಕು.

ಹಾಗಾಗಿ ನಾವು ಕಳಿಸಿದ ಕೊಟೇಶನ್ ಉದ್ದವಾಯಿತು. ಮಾಲೀಕರಿಗೆ ಬೇಸರವೂ ಆಯಿತು. ಅದರಲ್ಲಿ ಅವರು ಅತಿ ಹೆಚ್ಚು ಪ್ರಶ್ನೆ ಕೇಳಿದ್ದು ಒಂದೇ ಸಾಲಿನ ಬಗ್ಗೆ: ‘ವಾಟರ್‌ಪ್ರೂಫ್ ಕೋಟಿಂಗ್ ಕ್ಯೂರ್ ಆದ (ಹಿಡಿದು ಗಟ್ಟಿಯಾದ) ಮೇಲೆ, ಸೋರುತ್ತದೆಯೇ ನೋಡಲು ನೆಲದ ಮೇಲೆ 72 ಗಂಟೆ ನೀರು ನಿಲ್ಲಿಸುವುದು. ಪಾಸ್ ಆಗದೆ ಟೈಲ್ಸ್ ಕೆಲಸ ಶುರುವಿಲ್ಲ.’ ಮೂರು ದಿನ ಆಳುಗಳು ಸುಮ್ಮನೆ ಕೂರುವುದಕ್ಕೆ ದುಡ್ಡು ಕೊಡಬೇಕೇ ಎಂಬುದು ಅವರ ಪ್ರಶ್ನೆ. ಯಾರೂ ಕೂರುವುದಿಲ್ಲ, ಟೀಮ್ ಬೇರೆ ಸೈಟಿಗೆ ಹೋಗುತ್ತದೆ. ಕಾಯುವುದು ನೀರು ಮಾತ್ರ.

ಈ ಸಾಲಿಗೆ ಮುಂಚೆ ಆಗಬೇಕಾದ ಕೆಲಸ ಹೀಗಿದೆ. ಹಳೆ ಟೈಲ್ಸ್, ಹಳೆ ಗಾರೆ ಕಿತ್ತು ಸ್ಲ್ಯಾಬಿನ ಮೈ ಕಾಣುವವರೆಗೆ ಚಿಪ್ಪಿಂಗ್. ನೀರಿನ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ಲೈನ್ ಓಡಿಸಿ, ಸಾಲ್ವೆಂಟ್ (ಪೈಪಿನ ಅಂಟು) ಹಿಡಿಯಲು ಒಂದು ಪೂರ್ತಿ ದಿನ ಬಿಟ್ಟು, ಪಂಪ್ ಹಾಕಿ ಪ್ರೆಶರ್ ಟೆಸ್ಟ್. ಪ್ರೆಶರ್ ಗೇಜಿನ ಮುಳ್ಳು ಸ್ವಲ್ಪ ಇಳಿದರೂ ಸೋರುವ ಜಾಯಿಂಟ್ ಹುಡುಕಬೇಕು. ನಮ್ಮ ಚಳಿ, ತೇವಕ್ಕೆ ಸಾಲ್ವೆಂಟ್ ನಿಧಾನ ಹಿಡಿಯುತ್ತದೆ, ಸಂಜೆ ಅಂಟಿಸಿ ಬೆಳಿಗ್ಗೆಯೇ ಪಂಪ್ ಒತ್ತುವ ಆತುರ ಬೇಡ. ಕಮೋಡಿನ 110 ಎಂಎಂ ಪೈಪು, ನೆಲದ ನೀರಿನ 75 ಎಂಎಂ ಪೈಪು ಸ್ಲ್ಯಾಬ್ ದಾಟುವ ತೂತಿಗೆ ಸಾದಾ ಸಿಮೆಂಟ್ ತುಂಬಿದರೆ ಒಣಗುವಾಗ ಕುಗ್ಗಿ ಸುತ್ತಲೂ ಕೂದಲೆಳೆಯ ಬಿರುಕು ಬಿಡುತ್ತದೆ. ಅಲ್ಲಿಗೆ ಕುಗ್ಗದ ಗಾರೆ, ಅಂದರೆ ನಾನ್ ಶ್ರಿಂಕ್ ಗ್ರೌಟ್ ಬೇಕು. ನೆಲ ಗೋಡೆ ಸೇರುವ ಮೂಲೆಗೆ ಎರಡಿಂಚಿನ ವಾಟಾ (ಗಾರೆಯ ಓರೆ ಪಟ್ಟಿ), ಅದರ ಮೇಲೆ ಫೈಬರ್ ಮೆಶ್. ಕೋಟಿಂಗ್ ಎರಡು ಕೈ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಗೋಡೆಗೆ ಎಲ್ಲ ಕಡೆ ಒಂದಡಿ, ಶವರ್ ಇರುವ ಕಡೆ ಆರಡಿಗೆ ಕಮ್ಮಿ ಇಲ್ಲದಂತೆ.

ಯಾವ ಕೋಟಿಂಗ್ ಎಂಬುದು ಕೊಡಗಿನಲ್ಲಿ ದೊಡ್ಡ ಪ್ರಶ್ನೆ. ಪಿಯು (ಪಾಲಿಯುರಿಥೇನ್) ಕೋಟಿಂಗಿಗೆ ತಳ ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಒಳಗಿನ ತೇವ ಅದನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಜೂನ್ ನಂತರ ಇಲ್ಲಿ ಯಾವ ಸ್ಲ್ಯಾಬ್ ಒಣಗುತ್ತದೆ? ಸಿಮೆಂಟ್ ಪಾಲಿಮರ್ ಕೋಟಿಂಗ್ ಬಳಿಯುವಾಗ ತಳ ತೇವವಿದ್ದರೂ ತಡೆದುಕೊಳ್ಳುತ್ತದೆ, ಆಗ ತಳದ ಮೇಲೆ ನೀರು ಮಾತ್ರ ನಿಂತಿರಬಾರದು. ಅದಕ್ಕೂ ಕ್ಯೂರ್ ಆಗಲು ಐದರಿಂದ ಏಳು ದಿನ ಬೇಕು, ಮಂಜು ಕವಿದಿದ್ದರೆ ಇನ್ನೂ ಎರಡು ದಿನ ಸೇರಿಸಿಕೊಳ್ಳಿ. ಸಾಧ್ಯವಾದಷ್ಟು ಫೆಬ್ರವರಿಯಿಂದ ಮೇ ನಡುವೆ ಕೆಲಸ ಹಿಡಿಯಿರಿ. ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು ಮುಗಿದಿರುವುದಿಲ್ಲ, ಡೆಬ್ರಿಸ್ ಹೊರಲು ಆಳು ಸಿಗುವುದು ಕಷ್ಟ. ಏಪ್ರಿಲ್, ಮೇನಲ್ಲಿ ಹೋಂಸ್ಟೇ ಬುಕಿಂಗ್ ಅಡ್ಡ ಬರುತ್ತದೆ. ಎರಡರಲ್ಲಿ ಒಂದನ್ನು ಮಾಲೀಕರು ಬಿಟ್ಟುಕೊಡಲೇಬೇಕು.

ಈ ಮನೆಯಲ್ಲೂ ಬುಕಿಂಗ್ ಇತ್ತು. ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿಗೆ ಟೆಸ್ಟ್ ಪ್ಲಗ್ (ಬಿರಡೆ) ಹಾಕಿ, ಬಾಗಿಲ ಬಳಿ ಗಾರೆಯ ಕಟ್ಟೆ ಕಟ್ಟಿ ಎರಡಿಂಚು ನೀರು ನಿಲ್ಲಿಸಿದೆವು. 48 ಚದರಡಿಗೆ ಎರಡಿಂಚು ಅಂದರೆ ಸುಮಾರು 225 ಲೀಟರ್. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲೇ ಒಂದು ಟಬ್ಬಿನಲ್ಲಿ ನೀರು ತುಂಬಿ ಅದಕ್ಕೂ ಗೆರೆ. ಈ ಟಬ್ಬನ್ನು ಯಾರೂ ಇಡುವುದಿಲ್ಲ, ಆದರೆ ಜಗಳ ತಪ್ಪಿಸುವುದು ಅದೇ. ಟಬ್ಬಿನ ನೀರೂ ಅಷ್ಟೇ ಇಳಿದಿದ್ದರೆ ಆವಿಯಾಗಿ ಹೋದದ್ದು. ಟಬ್ಬಿನದು ನಿಂತು ನೆಲದ್ದು ಇಳಿದಿದ್ದರೆ ಸೋರಿಕೆ.

ಮರುದಿನ ಬೆಳಿಗ್ಗೆ ಟಬ್ಬಿನ ನೀರು ಗೆರೆಯಲ್ಲೇ ಇತ್ತು. ನೆಲದ ನೀರು ಅರ್ಧ ಇಂಚು ಇಳಿದಿತ್ತು. ಕೆಳಗೆ ಊಟದ ಕೋಣೆಯ ಸೀಲಿಂಗ್ ಪೂರ್ತಿ ಒಣಗಿತ್ತು. ಟೈಲ್ಸ್‌ನವರು ಆಗಲೇ ಬಂದು ಮೆಟ್ಟಿಲ ಮೇಲೆ ಕಟರ್ ಇಟ್ಟಿದ್ದರು. ಮಾಲೀಕರು ಫೋನಿನಲ್ಲಿ, ‘ಸೀಲಿಂಗ್ ಒಣಗಿದೆ ತಾನೇ, ಪ್ಲಗ್ ಲೂಸ್ ಆಗಿರಬೇಕು, ಶುರು ಮಾಡಿಸಿ’ ಅಂದರು. ಪ್ಲಗ್ ಲೂಸ್ ಆಗುವುದು ಸಾಮಾನ್ಯವೇ, ಮೊದಲು ನೋಡಬೇಕಾದದ್ದೂ ಅದನ್ನೇ. ಹೊರಗಡೆ ಛೇಂಬರಿನ ಮುಚ್ಚಳ ಎತ್ತಿ ನೋಡಿದರೆ ಪೈಪಿನ ಬಾಯಿ ಒಣಗಿತ್ತು. ಪ್ಲಗ್ ಸರಿಯಾಗಿತ್ತು. ‘ಸರ್, ನೀರು ಎಲ್ಲಿಗೆ ಹೋಯ್ತು ಅಂತ ಗೊತ್ತಾಗದೆ ಒಂದು ಟೈಲ್ ಕೂಡ ಇಡಲ್ಲ’ ಎಂದು ಮೇಸ್ತ್ರಿಯೇ ಫೋನ್ ತೆಗೆದುಕೊಂಡು ಹೇಳಿದರು. ಆ ಮಾತು ಹೇಳುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ.

ಆಮೇಲೆ ಮಾಡಿದ್ದು ಕಾಯುವುದು. ಹೊಸ ನೀರು ಹಾಕದೆ, ಗಂಟೆಗೊಂದು ಗೆರೆ. ಮಧ್ಯಾಹ್ನದ ಹೊತ್ತಿಗೆ ನೀರು ಒಂದೂಕಾಲು ಇಂಚಿಗೆ ಬಂದು ಅಲ್ಲೇ ನಿಂತಿತು. ಸಂಜೆಯವರೆಗೂ ಅಲುಗಲಿಲ್ಲ. ನೀರು ಇಳಿಯುವುದು ಎಲ್ಲಿ ನಿಲ್ಲುತ್ತದೋ ತೂತು ಇರುವುದು ಅದೇ ಎತ್ತರದಲ್ಲಿ. ನೆಲದಲ್ಲೋ ಪೈಪಿನ ಬುಡದಲ್ಲೋ ಸೋರಿದ್ದರೆ ನೀರು ಪೂರ್ತಿ ಖಾಲಿಯಾಗುತ್ತಿತ್ತು. ಅಂದರೆ ನೆಲದ ಕೋಟಿಂಗ್ ಚೆನ್ನಾಗಿದೆ, ನೋಡಬೇಕಾದದ್ದು ಗೋಡೆಯ ಸುತ್ತ ಒಂದೂಕಾಲು ಇಂಚಿನ ಎತ್ತರದ ಪಟ್ಟಿಯನ್ನು ಮಾತ್ರ.

ಸಿಕ್ಕಿದ್ದು ಬಾಗಿಲ ಚೌಕಟ್ಟಿನ ಬಲಗಾಲಿನಲ್ಲಿ. ಹಳೆಯ ಹಲಸಿನ ಮರದ ಚೌಕಟ್ಟು, ಒಳ್ಳೆಯ ಕೆತ್ತನೆ, ಉಳಿಸಿಕೊಳ್ಳಬೇಕೆಂದು ಮನೆಯವರ ಆಸೆ. ಅದರ ಕಾಲುಗಳು ಗಾರೆಯೊಳಗೆ ಹೂತಿದ್ದವು, ಕೋಟಿಂಗನ್ನು ಮರದ ಮೇಲೆ ಎಳೆದು ನಿಲ್ಲಿಸಲಾಗಿತ್ತು. ಮರ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಸಿಮೆಂಟ್ ಕೋಟಿಂಗ್ ಅದರ ಜೊತೆ ಹಿಗ್ಗುವುದಿಲ್ಲ. ಮರಕ್ಕೂ ಗೋಡೆಗೂ ನಡುವೆ ಪೋಸ್ಟ್‌ಕಾರ್ಡ್ ದಪ್ಪದ ಸಂದು. ನೀರು ಅಲ್ಲಿಂದ ಪಕ್ಕದ ಮಲಗುವ ಕೋಣೆಯ ಗೋಡೆಯೊಳಕ್ಕೆ ಇಳಿಯುತ್ತಿತ್ತು. ಸೀಲಿಂಗ್ ಒಣಗಿದ್ದದ್ದು ಅದಕ್ಕೇ. ಹಾಗೇ ಟೈಲ್ಸ್ ಹಾಕಿಬಿಟ್ಟಿದ್ದರೆ ಮಳೆಗಾಲದಲ್ಲಿ ಆ ಗೋಡೆಗೆ ಬೂಷ್ಟು ಬಂದು, ಎಲ್ಲರೂ ಹೊರಗಿನ ಮಳೆಯನ್ನೇ ದೂರುತ್ತಿದ್ದರು.

ಸರಿಪಡಿಸಿದ್ದು ಹೀಗೆ: ಚೌಕಟ್ಟನ್ನು ತೆಗೆಯದೆ ಎರಡೂ ಕಾಲನ್ನು ಮುಗಿದ ನೆಲದಿಂದ ನಾಲ್ಕಿಂಚು ಮೇಲಕ್ಕೆ ಕೊಯ್ದು, ಕೆಳಗೆ ಅದೇ ಅಗಲದ ಗ್ರಾನೈಟ್ ತುಂಡು ಕೂರಿಸಿ, ನಡುವೆ ಗ್ರಾನೈಟ್ ಹೊಸ್ತಿಲು. ಕೋಟಿಂಗ್ ಗ್ರಾನೈಟಿನ ಹಿಂದಿನಿಂದ ಹತ್ತಿಸಿ, ಮರ ಕಲ್ಲು ಸೇರುವಲ್ಲಿ ಪಿಯು ಸೀಲೆಂಟ್. ಮತ್ತೆ ಕ್ಯೂರಿಂಗ್, ಮತ್ತೆ ನೀರು, ಮತ್ತೆ 72 ಗಂಟೆ. ಬುಕಿಂಗ್ ಕೈತಪ್ಪಿತು. ಹೊಸ ಚೌಕಟ್ಟೇ ಇಡುವುದಾದರೆ ಬಾತ್‌ರೂಮಿಗೆ ಗ್ರಾನೈಟ್ ಇಲ್ಲವೇ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ್ದು) ಇಡಿ.

ಗುಡ್ಡ ಕಡಿದು ಕಟ್ಟಿದ ಮನೆಗಳಿಗೆ ಇನ್ನೊಂದು ಮಾತು. ಬರೆಯ (ಕಡಿದ ಗುಡ್ಡದ) ಕಡೆಯ ಗೋಡೆಯಲ್ಲಿ ಬರುವ ತೇವಕ್ಕೆ ಬಾತ್‌ರೂಮ್ ಕಾರಣವೇ ಅಲ್ಲದಿರಬಹುದು. ಮನೆ ಬೀಗ ಹಾಕಿ, ನೀರು ಬಂದ್ ಮಾಡಿ ಕೆಲವು ವಾರ ಬಿಟ್ಟರೂ ತೇವ ಹೆಚ್ಚುತ್ತಿದ್ದರೆ ಅದು ಮಣ್ಣಿನಿಂದ ಬರುವ ನೀರು. ಬಾತ್‌ರೂಮ್ ಎಷ್ಟು ಸಲ ಒಡೆದರೂ ನಿಲ್ಲುವುದಿಲ್ಲ, ಹಿಂದೆ ಚರಂಡಿ ತೆಗೆಯಬೇಕು.

ಶವರ್ ಆರಿಸುವ ಮುಂಚೆ ಟ್ಯಾಂಕಿನ ಎತ್ತರ ಅಳೆಯಿರಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಪ್ರೆಶರ್. ಟೆರೇಸ್ ಮೇಲಿನ ಟ್ಯಾಂಕ್ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್, ದೊಡ್ಡ ರೇನ್ ಶವರಿಗೆ ಅದು ಸಾಲದು. ಬೆಂಗಳೂರಿನಲ್ಲಾದರೆ ಪ್ರೆಶರ್ ಪಂಪ್ ಹಾಕುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಪಂಪೂ ಹೋಯಿತು. ಮನೆಯ ಹಿಂದೆ ಏರು ಇದ್ದರೆ ಟ್ಯಾಂಕನ್ನು ಅಲ್ಲಿ ಹತ್ತು ಮೀಟರ್ ಮೇಲೆ ಕೂರಿಸಿ, ಕರೆಂಟ್ ಇಲ್ಲದೆಯೇ ಒಂದು ಬಾರ್ ಬರುತ್ತದೆ. ಗೀಸರಿಗೆ ಪ್ರತ್ಯೇಕ 4 ಚದರ ಎಂಎಂ ತಾಮ್ರದ ವೈರ್, 16 ಆಂಪ್ ಪಾಯಿಂಟ್, ಬೋರ್ಡಿನಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್). ಕರೆಂಟಿನ ಕಾಟಕ್ಕೆ ಗ್ಯಾಸ್ ಗೀಸರ್ ಹಾಕುವವರು ಅದನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಹಾಕಿ. ಚಳಿಗೆ ಕಿಟಕಿ ಮುಚ್ಚಿಕೊಂಡು ಸ್ನಾನ ಮಾಡುವ ಊರು ನಮ್ಮದು, ಮುಚ್ಚಿದ ಬಾತ್‌ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಟೈಲ್ಸ್ ಲೆಕ್ಕ: ಇದೇ ಅಳತೆಗೆ ನೆಲ 48 ಚದರಡಿ. ಸುತ್ತಳತೆ 28 ಅಡಿ, ಏಳಡಿ ಎತ್ತರಕ್ಕೆ 196, ಬಾಗಿಲು ಕಳೆದರೆ ಸುಮಾರು 178. ಒಟ್ಟು 226, ಕಟಿಂಗ್ ವೇಸ್ಟೇಜ್ ಹತ್ತು ಪರ್ಸೆಂಟ್ ಸೇರಿಸಿ 250. ಮೈಸೂರಿನಿಂದ ತರಿಸುವುದಾದರೆ ಒಂದು ಬಾಕ್ಸ್ ಹೆಚ್ಚಿಗೆ ಹೇಳಿ, ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇದೆಯೇ ಎಂದು ಇಳಿಸುವಾಗಲೇ ನೋಡಿ. ವಿಟ್ರಿಫೈಡ್ ಟೈಲ್ಸ್ ಹೆಚ್ಚುಕಡಿಮೆ ನೀರು ಹೀರುವುದಿಲ್ಲ, ಬರೀ ಸಿಮೆಂಟ್ ಹಾಲಿಗೆ ಗೋಡೆಯ ಮೇಲೆ ನಿಲ್ಲುವುದಿಲ್ಲ. ಅಡ್ಹೆಸಿವ್ ರೇಟ್ ಕೊಟೇಶನ್‌ನಲ್ಲಿ ಇದೆಯೇ ನೋಡಿ, ‘ಎಕ್ಸ್‌ಟ್ರಾ’ ಎಂದು ಆಮೇಲೆ ಬರುವುದು ಹೆಚ್ಚಾಗಿ ಇದೇ. ಬಾವಿ ನೀರಿನಲ್ಲಿ ಕಬ್ಬಿಣದಂಶ ಇದ್ದರೆ ಟೈಲ್ಸ್ ಸಂದಿಗೆ ಬಿಳಿ ಗ್ರೌಟ್ ಬೇಡ, ಬೂದು ಬಣ್ಣದ ಎಪಾಕ್ಸಿ ಹಾಕಿಸಿ. ಟ್ರ್ಯಾಪಿನ ಕಡೆಗೆ ಇಳಿಜಾರು ಎಂಟಡಿಗೆ ಒಂದಿಂಚು ಕನಿಷ್ಠ. ರಸಮಟ್ಟ ಇಟ್ಟು ನೋಡುವುದಲ್ಲದೆ ಒಂದು ಮಗ್ ನೀರು ಚೆಲ್ಲಿ ಎಲ್ಲಿ ನಿಲ್ಲುತ್ತದೆ ನೋಡಬೇಕು, ಅದೂ ಗ್ರೌಟಿಗೆ ಮುಂಚೆ.

ದುಡ್ಡನ್ನು ದಿನಾಂಕಕ್ಕೆ ಕಟ್ಟಬೇಡಿ, ಕೆಲಸದ ಹಂತಕ್ಕೆ ಕಟ್ಟಿ. ಅಡ್ವಾನ್ಸ್ 20 ಪರ್ಸೆಂಟ್, ಪ್ರೆಶರ್ ಟೆಸ್ಟ್ ಆದ ಮೇಲೆ 25, ನೀರು ನಿಲ್ಲಿಸಿದ ಟೆಸ್ಟ್ ಪಾಸಾದ ಮೇಲೆ 25, ಟೈಲ್ಸ್ ಮತ್ತು ಫಿಟ್ಟಿಂಗ್ಸ್ ಮುಗಿದಾಗ 20, ಕೊನೆಯ 10 ಬಳಸಲು ಶುರು ಮಾಡಿ ಒಂದು ತಿಂಗಳಾದ ಮೇಲೆ. ದೂರದಲ್ಲಿರುವ ಮಾಲೀಕರು ಪ್ರತಿ ಹಂತಕ್ಕೂ ಫೋಟೋ ಕೇಳಬೇಕು: ಪೈಪ್ ಮುಚ್ಚುವ ಮುಂಚೆ ಗೋಡೆಯ ಪಕ್ಕ ಟೇಪ್ ಹಿಡಿದು ತೆಗೆದದ್ದು, ಗೇಜಿನ ಮುಳ್ಳಿನದು, ಪೆನ್ಸಿಲ್ ಗೆರೆಯದು. ಕೊನೆಯ 10 ಪರ್ಸೆಂಟನ್ನು ಮಳೆಗಾಲ ಮುಗಿಯುವವರೆಗೆ ಹಿಡಿದಿಡುತ್ತೇವೆ ಎಂದರೆ ಯಾವ ಕಾಂಟ್ರಾಕ್ಟರೂ ಒಪ್ಪುವುದು ಕಷ್ಟ, ಅವರಿಗೂ ಆಳುಗಳ ಬಟವಾಡೆ ಇರುತ್ತದೆ. ಅದರ ಬದಲು ಸೆಪ್ಟೆಂಬರ್‌ವರೆಗೆ ಸೋರಿದರೆ ಲೇಬರ್ ಚಾರ್ಜ್ ತೆಗೆದುಕೊಳ್ಳದೆ ಬಂದು ಮಾಡಿಕೊಡಬೇಕೆಂದು ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.