ಮಡಿಕೇರಿ ಕೋಟೆ: ಹೋಗುವ ಮೊದಲು ತಿಳಿದಿರಲಿ

ಮಡಿಕೇರಿಗೆ ಬಂದವರು ರಾಜಾಸೀಟ್, ಅಬ್ಬಿ ಜಲಪಾತ ನೋಡಿಕೊಂಡು ಹೊರಟುಬಿಡುತ್ತಾರೆ. ಊರ ನಡುವೆಯೇ ಇರುವ ಕೋಟೆಗೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಸೋಮವಾರ ಮಾತ್ರ ಬೇಡ, ಅಂದು ವಸ್ತುಸಂಗ್ರಹಾಲಯಕ್ಕೆ ರಜೆ. ಊರಿಗೆ ರೈಲಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಸುಮಾರು 120 ಕಿ.ಮೀ., ಬಸ್ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು.

ಒಳಗೆ ಹೋಗುವಾಗ ದಾರಿಯನ್ನು ಗಮನಿಸಿ. ಪೂರ್ವದ ಬಾಗಿಲಿನಿಂದ ಅದು ನೇರವಾಗಿಲ್ಲ, ತಿರುವುಗಳಿವೆ. ನುಗ್ಗಿ ಬರುವ ಶತ್ರುವಿನ ವೇಗ ಇಲ್ಲೇ ಮುರಿಯಬೇಕು. ಕೊಡಗಿನ ಅರಸ ಮುದ್ದುರಾಜನ ಕಾಲದಲ್ಲಿ ಇದು ಮಣ್ಣಿನ ಕೋಟೆ. ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ಕೈಸೇರಿತು. ಆರು ಮೂಲೆಗಳಲ್ಲಿ ದುಂಡನೆಯ ಕೊತ್ತಲಗಳಿವೆ.

ಹೆಚ್ಚು ಹೊತ್ತು ಅರಮನೆಯ ಮುಂದೆ ನಿಲ್ಲಿ. ಕೊಡಗಿನ ರಾಜ ಲಿಂಗರಾಜೇಂದ್ರ 1812ರಿಂದ 1814ರವರೆಗೆ ಅದನ್ನು ಹೊಸದಾಗಿ ಕಟ್ಟಿಸಿದ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅದು ಸರ್ಕಾರಿ ಕಚೇರಿಯಾಯಿತು. ಎದುರಿಗೆ ಚಾಚಿಕೊಂಡಿರುವ ಪೋರ್ಟಿಕೊ, ಅಂದರೆ ಬಾಗಿಲ ಮುಂದಿನ ಚಾವಣಿ, ರಾಜರದ್ದಲ್ಲ. ಕಮಿಷನರ್ ಸಾಹೇಬರ ಕಾರು ನಿಲ್ಲಲೆಂದು 1933ರಲ್ಲಿ ಗಡಿಯಾರ ಗೋಪುರದ ಜೊತೆಗೆ ಸೇರಿಸಿದ್ದು. ಒಂದೇ ಗೋಡೆಯಲ್ಲಿ ಎರಡು ಆಡಳಿತ ಕಾಣುವ ಜಾಗವಿದು, ತಪ್ಪಿಸಿಕೊಳ್ಳಬೇಡಿ. ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಇಲ್ಲೇ ಕಚೇರಿಗಳು ನಡೆದವು. ಒಳಗಿನ ತೆರೆದ ಅಂಗಳದಲ್ಲಿ ಕಲ್ಲಿನ ಆಮೆಯಿದೆ, ಆದರೆ ದುರಸ್ತಿ ಕೆಲಸವಿದ್ದರೆ ಒಳಗೆ ಬಿಡುವುದಿಲ್ಲ. ಬಾಗಿಲಲ್ಲೇ ವಿಚಾರಿಸಿ.

ಈಶಾನ್ಯ ಮೂಲೆಯಲ್ಲಿರುವ ಎರಡು ಆನೆಗಳು ನಿಜವಾದ ಆನೆಯಷ್ಟೇ ಎತ್ತರ, ಗಾರೆಯಲ್ಲಿ ಮಾಡಿದವು. ಫೋಟೋಗಾಗಿ ಮಕ್ಕಳನ್ನು ಹತ್ತಿಸಬೇಡಿ. ಕೊಡಗಿನ ಮಳೆಯಲ್ಲಿ ನೆನೆದ ಗಾರೆ ಕಾಲು ತಾಗಿದರೂ ಏಳುತ್ತದೆ.

ವಸ್ತುಸಂಗ್ರಹಾಲಯ ಇರುವುದು ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ವೀರಭದ್ರ ದೇವಸ್ಥಾನವಿದ್ದ ಜಾಗದಲ್ಲಿ 1855ರಲ್ಲಿ ಚರ್ಚ್ ಕಟ್ಟಿದರು. ಬ್ರಿಟಿಷರು ಹೋದ ಮೇಲೆ ಅದು ಮುಚ್ಚಿತು, 1971ರಲ್ಲಿ ಪುರಾತತ್ವ ಇಲಾಖೆ ವಸ್ತುಸಂಗ್ರಹಾಲಯ ಮಾಡಿತು. ಬಣ್ಣದ ಗಾಜಿನ ಚೂಪು ಕಮಾನಿನ ಕಿಟಕಿಗಳ ಕೆಳಗೆ ಈಗ ಜೈನ ಶಿಲ್ಪಗಳಿವೆ, ಹಳೆಯ ಆಯುಧಗಳಿವೆ. ಬಿಸಿಲಿದ್ದಾಗ ಹೋದರೆ ಗಾಜಿನ ಬಣ್ಣ ಚೆನ್ನಾಗಿ ಕಾಣುತ್ತದೆ. ಕ್ಯಾಮೆರಾ ತೆಗೆಯುವ ಮೊದಲು ಸಿಬ್ಬಂದಿಯನ್ನು ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮೇಲೆ ಪಾಚಿ, ಚಪ್ಪಲಿ ಜಾರುತ್ತದೆ. ಹಿಡಿತವಿರುವ ಶೂ ಹಾಕಿ. ಗಾಳಿಗೆ ಕೊಡೆ ನಿಲ್ಲದು, ರೈನ್‌ಕೋಟ್ ತನ್ನಿ.

ಸಮಯ ಉಳಿದರೆ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್‌ಗೂ ಹೋಗಿ. ಹಿಂದೆ ಆರ್‌ಟಿಒ ಕಚೇರಿಯಾಗಿದ್ದ ಆ ಮನೆ 2021ರಿಂದ ಅವರ ಹೆಸರಿನ ವಸ್ತುಸಂಗ್ರಹಾಲಯ.